ಒಂದೆಲಗ, ವಿಷದ ಬೀಜ ಮತ್ತು ಮರೆವಿನ ಮದ್ದು

ಮಲೆನಾಡಿನ ಮನೆಗಳಲ್ಲಿ ಒಂದೆಲಗದ ತಂಬುಳಿಗೆ ದೊಡ್ಡ ಸಿದ್ಧತೆ ಬೇಕಿಲ್ಲ. ತೋಟದ ಬದುವಿನಿಂದ ಒಂದು ಹಿಡಿ ಎಲೆ ಕಿತ್ತು ತೊಳೆದು, ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಆಯಿತು. ಬಡಿಸುವಾಗ ‘ಉಣ್ಣು, ನೆನಪಿನ ಶಕ್ತಿ ಹೆಚ್ಚುತ್ತೆ’ ಎನ್ನುವ ಮಾತೂ ಜೊತೆಗಿರುತ್ತದೆ. ಪರೀಕ್ಷೆಗೆ ಓದುವ ಮಕ್ಕಳಿಗೆ ಹೇಳುತ್ತಿದ್ದ ಆ ಮಾತು ಈಗ ಅಜ್ಜ-ಅಜ್ಜಿಯರ ಕಡೆಗೂ ತಿರುಗಿದೆ. ಹಿರಿಯರಿಗೆ ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆ, ಇರಬಹುದು ಎಂಬ ಅನುಮಾನ ಬಂದಾಗ ವೈದ್ಯರಿಗೆ ತೋರಿಸುವ ಮೊದಲೇ ಎಷ್ಟೋ ಮನೆಗಳಲ್ಲಿ ಒಂದೆಲಗದ ರಸವೋ ಬ್ರಾಹ್ಮಿ ಚೂರ್ಣವೋ ಶುರುವಾಗಿರುತ್ತದೆ.

ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ಇವರಿಗೆ ಗಿಡಗಳಿಂದ ಮದ್ದು ಸಿಕ್ಕಿದೆಯೇ? ಸಿಕ್ಕಿದೆ. ಆದರೆ ಅದು ಬಂದದ್ದು ನಾವು ನಂಬಿದ ಗಿಡಗಳಿಂದಲ್ಲ.

ವಿಷದಿಂದ ಹುಟ್ಟಿದ ಗುಳಿಗೆ

ಇಂದಿನ ನೈಜೀರಿಯದ ಕಲಾಬಾರ್ ಸೀಮೆಯಲ್ಲಿ ಹಿಂದೆ ಮಾಟದ ಆರೋಪ ಹೊತ್ತವರಿಗೆ ಒಂದು ಕಾಡುಬಳ್ಳಿಯ ಬೀಜ ಅರೆದು ಕುಡಿಸುತ್ತಿದ್ದರು. ವಾಂತಿಯಾಗಿ ಬದುಕಿದವನು ನಿರಪರಾಧಿ, ಸತ್ತವನು ಅಪರಾಧಿ. ಬೀಜ ಎಡಿನ್‌ಬರೊ ತಲುಪಿತು. ಅಲ್ಲಿನ ವಿಷತಜ್ಞ ರಾಬರ್ಟ್ ಕ್ರಿಸ್ಟಿಸನ್ 1855ರಲ್ಲಿ ತಾವೇ ಅದನ್ನು ತಿಂದು ನೋಡಿ ಹಾಸಿಗೆ ಹಿಡಿದರು. 1864ರಲ್ಲಿ ಅದರ ಸಾರವಾದ ಫೈಸೋಸ್ಟಿಗ್ಮಿನ್ ಬೇರ್ಪಟ್ಟಿತು.

ನೆನಪಿಗೂ ಗಮನಕ್ಕೂ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಒಡೆಯುವ ಕಿಣ್ವ ನಮ್ಮ ಮಿದುಳಿನಲ್ಲಿದೆ. ಫೈಸೋಸ್ಟಿಗ್ಮಿನ್ ಆ ಕಿಣ್ವವನ್ನು ತಡೆಯುತ್ತದೆ. ನಮ್ಮ ಬೇಲಿಬದಿಯ ಉಮ್ಮತ್ತಿಯ ವಿಷ ಮಾಡುವುದು ಇದಕ್ಕೆ ತದ್ವಿರುದ್ಧ: ಅಸಿಟೈಲ್‌ಕೋಲಿನ್ ಕೆಲಸಕ್ಕೇ ಅಡ್ಡಬರುತ್ತದೆ. ಉಮ್ಮತ್ತಿ ತಿಂದವರು ದಿಕ್ಕುತಪ್ಪಿ ಬಡಬಡಿಸುವುದು ಇದರಿಂದಲೇ. ಆ ವಿಷಕ್ಕೆ ಫೈಸೋಸ್ಟಿಗ್ಮಿನ್ ಮಾರುಮದ್ದು. ಡಿಮೆನ್ಷಿಯಾಕ್ಕೆ ಮುಖ್ಯ ಕಾರಣವಾದ ಅಲ್ಜೈಮರ್ ಕಾಯಿಲೆಯಲ್ಲೂ ಅಸಿಟೈಲ್‌ಕೋಲಿನ್ ಕುಗ್ಗುತ್ತದೆ. ಫೈಸೋಸ್ಟಿಗ್ಮಿನ್ ಮಾದರಿಯಲ್ಲೇ ರೂಪಿಸಿದ ರಿವಾಸ್ಟಿಗ್ಮಿನ್‌ಗೆ 2000ದಲ್ಲಿ ಅಮೆರಿಕದ ಅನುಮತಿ ದೊರೆಯಿತು.

ಇನ್ನೊಂದು ಮದ್ದು ಸ್ನೋಡ್ರಾಪ್ ಎಂಬ ಪುಟ್ಟ ಬಿಳಿ ಹೂವಿನ ಗಡ್ಡೆಯಿಂದ ಬಂತು. 1950ರ ದಶಕದಲ್ಲಿ ಸೋವಿಯತ್ ಒಕ್ಕೂಟ ಮತ್ತು ಬಲ್ಗೇರಿಯದ ವಿಜ್ಞಾನಿಗಳು ಅದರಲ್ಲಿನ ಗ್ಯಾಲಂಟಮಿನ್ ಎಂಬ ಸಾರದ ಮೇಲೆ ಕೆಲಸ ಮಾಡಿದರು. ಮೊದಲು ಪೋಲಿಯೊದಿಂದ ಸೋತ ಸ್ನಾಯುಗಳಿಗೆ ಬಳಕೆಯಾದ ಅದು 2001ರಲ್ಲಿ ಅಮೆರಿಕದಲ್ಲಿ ಅಲ್ಜೈಮರ್ ಔಷಧವಾಯಿತು. ದಿನಕ್ಕೆ 8 ಮಿಲಿಗ್ರಾಂನಿಂದ ಶುರುಮಾಡಿ, ವಾರಗಟ್ಟಲೆ ಕಾದು, ಹೆಚ್ಚೆಂದರೆ 24ರವರೆಗೆ ಏರಿಸುತ್ತಾರೆ. ಅವಸರ ಮಾಡಿದರೆ ವಾಕರಿಕೆ, ವಾಂತಿ. ಕೆಲವರಿಗೆ ಹೃದಯ ಬಡಿತವೇ ನಿಧಾನ. ಇಷ್ಟಾಗಿಯೂ ಈ ಗುಳಿಗೆಗಳು ಲಕ್ಷಣಗಳನ್ನು ಕೆಲಕಾಲ ಹತೋಟಿಯಲ್ಲಿ ಇಡುತ್ತವೆ ಅಷ್ಟೆ. ಕಾಯಿಲೆ ಒಳಗೊಳಗೇ ಮುಂದುವರಿಯುತ್ತದೆ.

ನಂಬಿಕೆಯ ಗಿಡಗಳು

ಜಗತ್ತಿನಲ್ಲಿ ನೆನಪಿಗೆಂದು ಮಾರಾಟವಾಗುವ ಮೂಲಿಕೆಗಳಲ್ಲಿ ಗಿಂಕೋಗೆ ದೊಡ್ಡ ಹೆಸರು. ಅಮೆರಿಕದಲ್ಲಿ ಬಹುತೇಕ 75 ದಾಟಿದ 3,069 ಮಂದಿಗೆ ಸರಾಸರಿ ಆರು ವರ್ಷ ಗಿಂಕೋ ಅಥವಾ ಸಪ್ಪೆ ಗುಳಿಗೆ ಕೊಟ್ಟು ನೋಡಿದರು. 2008ರಲ್ಲಿ ಫಲಿತಾಂಶ ಬಂತು: ಗಿಂಕೋ ಡಿಮೆನ್ಷಿಯಾವನ್ನು ತಡೆಯಲಿಲ್ಲ.

ನೀರುಬ್ರಾಹ್ಮಿಯಲ್ಲಿರುವ ಬ್ಯಾಕೋಸೈಡ್ ಎಂಬ ರಾಸಾಯನಿಕಗಳ ಮೇಲೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಬಹುಕಾಲ ಕೆಲಸ ನಡೆದಿದೆ. ಮೂರು ತಿಂಗಳ ಸೇವನೆಯಿಂದ ನೆನಪು ಕೊಂಚ ಸುಧಾರಿಸಿದ್ದನ್ನು ಹಲವು ಪ್ರಯೋಗಗಳು ತೋರಿಸಿವೆ. ಆದರೆ ಅವುಗಳಲ್ಲಿ ಪಾಲ್ಗೊಂಡವರು ಹೆಚ್ಚಾಗಿ ಆರೋಗ್ಯವಂತರು, ಸಂಖ್ಯೆಯೂ ಸಣ್ಣದು. ಒಂದೆಲಗದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ 2017ರ ಪರಿಶೀಲನೆಗೆ ಬುದ್ಧಿಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತಂಬುಳಿ ಉಣ್ಣಲು ಅಡ್ಡಿಯಿಲ್ಲ, ಅದು ಒಳ್ಳೆಯ ಊಟ. ಸಾರ ಇಳಿಸಿದ ಗುಳಿಗೆಯ ಮಾತು ಬೇರೆ: ಒಂದೆಲಗದ ಗುಳಿಗೆಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ಅಪರೂಪದ ಪ್ರಕರಣಗಳು ವರದಿಯಾಗಿವೆ.

ಜಾಹೀರಾತಿಗೆ ಲಗಾಮು

ಮಿದುಳಿನ ಕಾಯಿಲೆಗಳನ್ನು ಗುಣಪಡಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ನಿಷೇಧಿಸಿದೆ. ಅದರ ಅನುಸೂಚಿಯಲ್ಲಿ ಕ್ಯಾನ್ಸರ್, ಮಧುಮೇಹಗಳ ಜೊತೆಗೆ ಮಿದುಳಿನ ರೋಗಗಳೂ ಇವೆ. ಡಬ್ಬಿಯ ಮೇಲೆ ಡಿಮೆನ್ಷಿಯಾದ ಹೆಸರೆತ್ತದೆ ‘ನೆನಪಿನ ಶಕ್ತಿಗೆ’ ಎಂದಷ್ಟೇ ಬರೆದು ಜಾರಿಕೊಳ್ಳುವ ದಾರಿ ಮಾತ್ರ ಮುಚ್ಚಿಲ್ಲ. ಉಳಿದದ್ದನ್ನು ಕೊಳ್ಳುವವರ ಆತಂಕವೇ ಓದಿಕೊಳ್ಳುತ್ತದೆ.

ಇದರಲ್ಲಿ ಕಾಸಿಗಿಂತ ಹೆಚ್ಚು ಪೋಲಾಗುವುದು ಕಾಲ. ಮರೆವೆಲ್ಲ ಅಲ್ಜೈಮರ್ ಅಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಬಿದ್ದಾಗ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ ಇವೂ ನೆನಪು ಕೆಡಿಸುತ್ತವೆ. ಇವಕ್ಕೆ ಚಿಕಿತ್ಸೆ ಇದೆ, ತಡವಾಗಬಾರದು. ಅಲರ್ಜಿಗೆ, ಮೂತ್ರದ ತೊಂದರೆಗೆ ಕೊಡುವ ಕೆಲವು ಗುಳಿಗೆಗಳೂ ಉಮ್ಮತ್ತಿಯಂತೆಯೇ ಅಸಿಟೈಲ್‌ಕೋಲಿನ್‌ಗೆ ಅಡ್ಡಿಯಾಗಿ ಮರೆವು ಹೆಚ್ಚಿಸುತ್ತವೆ. ಹಾಗಾಗಿ ಹಿರಿಯರು ನಡೆದಾಡಿದ ದಾರಿಯನ್ನೇ ತಪ್ಪತೊಡಗಿದರೆ, ಕೊಟ್ಟ ದುಡ್ಡನ್ನು ಮರೆತು ಮತ್ತೆ ಕೊಡತೊಡಗಿದರೆ, ಅವರು ನುಂಗುತ್ತಿರುವ ಎಲ್ಲವನ್ನೂ, ಚೂರ್ಣ-ಲೇಹ್ಯಗಳನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರ ಮುಂದೆ ಇಡಿ. ಗಿಂಕೋ ನುಂಗುವವರು ರಕ್ತ ತೆಳುವಾಗಿಸುವ ಔಷಧವನ್ನೂ ತೆಗೆದುಕೊಳ್ಳುತ್ತಿದ್ದರೆ ರಕ್ತಸ್ರಾವದ ಅಪಾಯವಿದೆ. ಹೇಳದೆ ಹೋದರೆ ವೈದ್ಯರಿಗೆ ಅದು ತಿಳಿಯುವುದಿಲ್ಲ.