ಕೋಲಾರದ ನೆಲದಲ್ಲಿ ಕಾಣದ ಕುಲಗಳು

ಮಾಲೂರಿನಿಂದ ನರಸಾಪುರದ ಕಡೆಗೆ ಹೊರಟರೆ ರಸ್ತೆಯ ಎರಡೂ ಬದಿಗೆ ನೀಲಗಿರಿ ತೋಪು, ನಡುನಡುವೆ ಬೋರ್‌ವೆಲ್ ನೀರು ಕುಡಿದ ತರಕಾರಿ ಹೊಲಗಳು. ಆಲೂಗಡ್ಡೆ, ಟೊಮೆಟೊ, ಕೋಸು, ಹೂವು. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆ ತನ್ನ ಮಣ್ಣನ್ನೂ ಕೆರೆಗಳನ್ನೂ ನಂಬಿ ಬಾಳುತ್ತಿದೆ. ಆ ಮಣ್ಣು, ಕೆರೆಗಳಲ್ಲಿ ಬರಿಗಣ್ಣಿಗೆ ಕಾಣದೆ ಬದುಕಿರುವವರು ಯಾರು? ಯಾರು ಯಾರಿಗೆ ನೆಂಟರು? ಬ್ಯಾಕ್ಟೀರಿಯಾ ವರ್ಗೀಕರಣ ಎನ್ನುವ ವಿದ್ಯೆ ಹುಡುಕುವುದು ಇದನ್ನೇ. ನಾಲ್ಕು ತಾಲ್ಲೂಕುಗಳನ್ನು ಸುತ್ತಿದರೆ ಆ ವಿದ್ಯೆಗೂ ಇಲ್ಲಿನ ಅನ್ನಕ್ಕೂ ಇರುವ ನಂಟು ಹೆಜ್ಜೆಹೆಜ್ಜೆಗೂ ಕಾಣುತ್ತದೆ.

ಮಾಲೂರು: ಗಾಜಿನ ಲೋಟದಲ್ಲಿ ಪರೀಕ್ಷೆ

ಕಾಯಿ ಕಚ್ಚಿದ ಟೊಮೆಟೊ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಗಿಡ ತಲೆ ಬಾಗಿಸಿ ನಿಂತಿದೆ. ಎಲೆ ಹಳದಿಯಾಗಿಲ್ಲ, ಹಸಿರಾಗಿರುವಾಗಲೇ ಜೋತುಬಿದ್ದಿದೆ. “ನೆನ್ನೆ ಚೆನ್ನಾಗೇ ಇತ್ತು ಸಾರ್, ನೀರೂ ಬಿಟ್ಟಿದ್ದೆ” ಎನ್ನುತ್ತಾರೆ ಹೊಲದ ಯಜಮಾನರು. ಬುಡದ ಕಾಂಡವನ್ನು ಕತ್ತರಿಸಿ, ತಿಳಿನೀರಿರುವ ಗಾಜಿನ ಲೋಟದಲ್ಲಿ ತುದಿ ಮುಳುಗುವಂತೆ ಹಿಡಿದರೆ ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆಗಳು ಕೆಳಗಿಳಿಯುತ್ತವೆ. ಆ ಎಳೆಗಳಲ್ಲಿರುವುದು ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ. ಇದು ದುಂಡಾಣು ಸೊರಗು ರೋಗ. ಬೇರಿನ ಗಾಯದಿಂದ ಒಳಹೊಕ್ಕು ನೀರು ಏರುವ ನಾಳಗಳನ್ನೇ ಅಂಟಿನಿಂದ ಮುಚ್ಚಿಬಿಡುವುದರಿಂದ ಎಷ್ಟು ನೀರು ಬಿಟ್ಟರೂ ಗಿಡಕ್ಕೆ ದಕ್ಕುವುದಿಲ್ಲ. ಶಿಲೀಂಧ್ರದಿಂದ ಬರುವ ಸೊರಗು ರೋಗದಲ್ಲಾದರೆ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ, ಲೋಟದಲ್ಲಿ ಹಾಲೆಳೆ ಇಳಿಯುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಶಿಲೀಂಧ್ರನಾಶಕ ಸುರಿದರೆ ಖರ್ಚಷ್ಟೇ ಉಳಿಯುತ್ತದೆ. ವರ್ಗೀಕರಣದ ಮೊದಲ ಪಾಠ ಹೊಲದಲ್ಲೇ ಸಿಕ್ಕಿತು.

ಈ ಬ್ಯಾಕ್ಟೀರಿಯಾವನ್ನು 1896ರಲ್ಲಿ ವಿವರಿಸಿದ ಅಮೆರಿಕದ ಅರ್ವಿನ್ ಸ್ಮಿತ್ ಅದನ್ನು ಬ್ಯಾಸಿಲಸ್ ಕುಲಕ್ಕೆ ಸೇರಿಸಿದ್ದರು. ಮುಂದೆ ಬಹುಕಾಲ ಅದು ಸ್ಯೂಡೊಮೊನಾಸ್ ಎನಿಸಿಕೊಂಡಿತು. 1992ರಲ್ಲಿ ಜಪಾನಿನ ಯಾಬುಚಿ ತಂಡ ಅದನ್ನು ಬರ್ಕ್‌ಹೋಲ್ಡೇರಿಯಾ ಎಂದಿತು, 1995ರಲ್ಲಿ ಅದೇ ತಂಡ ರಾಲ್‌ಸ್ಟೋನಿಯಾ ಎಂಬ ಹೊಸ ಕುಲ ಕಟ್ಟಿತು. 2014ರಲ್ಲಿ ಒಂದೇ ಎಂದುಕೊಂಡಿದ್ದ ಪ್ರಭೇದ ಮೂರಾಯಿತು: ಒಂದು ಅಮೆರಿಕ ಖಂಡಗಳದ್ದು, ಒಂದು ಇಂಡೊನೇಷ್ಯಾ ಕಡೆಯದ್ದು, ಇನ್ನೊಂದು ಏಷ್ಯಾ ಮತ್ತು ಆಫ್ರಿಕಾದ್ದು. ನಮ್ಮ ಟೊಮೆಟೊ ಹೊಲಗಳಲ್ಲಿ ಹೆಚ್ಚಾಗಿ ಸಿಗುವುದು ಈ ಕೊನೆಯದು, ರಾಲ್‌ಸ್ಟೋನಿಯಾ ಸ್ಯೂಡೊಸೊಲನೇಸಿಯೇರಂ. ರೈತರಿಗೆ ಇದರಿಂದೇನು? ಹೊರಗಿನ ತಳಿಯೊಂದು ರೋಗ ತಡೆಯುತ್ತದೆ ಎಂದರೆ ಅದು ಯಾವ ಬಳಗದ ಎದುರು ಪರೀಕ್ಷೆಯಾಗಿದೆ ಎಂದು ಕೇಳಲೇಬೇಕು. ಅಲ್ಲಿ ಗೆದ್ದ ಗಿಡ ಇಲ್ಲಿ ಸೋಲಬಹುದು.

ಕೋಲಾರ: ಕೆರೆ ಮತ್ತು ಮಾರುಕಟ್ಟೆ

ನರಸಾಪುರ ಕೆರೆಯ ಏರಿಯ ಮೇಲೆ ನಿಂತರೆ ದಶಕಗಳ ಬರ ಕಂಡ ಊರಿಗೆ ನೀರು ಬಂದಿರುವ ಸಮಾಧಾನ ಅರ್ಥವಾಗುತ್ತದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಇಲ್ಲಿನ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ಗಾತ್ರ ದಿನಕ್ಕೆ 44 ಕೋಟಿ ಲೀಟರ್. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆ ಮುಟ್ಟಿತು. ಮರು ತಿಂಗಳೇ ಅಲ್ಲಿ ನೊರೆ ಕಾಣಿಸಿಕೊಂಡು ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಅಂತರ್ಜಲ ಏರಲಿ ಎಂಬ ಆಸೆ, ಏರುವ ನೀರು ಎಂಥದ್ದು ಎಂಬ ಆತಂಕ, ಎರಡನ್ನೂ ಈ ಏರಿಯ ಮೇಲೆ ಕೇಳಬಹುದು.

ಸಂಸ್ಕರಣಾ ಘಟಕದ ನಿಜವಾದ ಕೆಲಸಗಾರರು ಬ್ಯಾಕ್ಟೀರಿಯಾಗಳೇ. ಕೊಳಚೆಯ ಅಮೋನಿಯಾವನ್ನು ನೈಟ್ರೊಸೊಮೊನಾಸ್ ನೈಟ್ರೈಟ್ ಮಾಡುತ್ತದೆ, ನೈಟ್ರೈಟನ್ನು ನೈಟ್ರೊಬ್ಯಾಕ್ಟರ್ ನೈಟ್ರೇಟ್ ಮಾಡುತ್ತದೆ ಎಂದು ಪಠ್ಯಗಳು ಹೇಳುತ್ತ ಬಂದವು. ಪ್ರಯೋಗಾಲಯದ ತಟ್ಟೆಯಲ್ಲಿ ಸುಲಭವಾಗಿ ಬೆಳೆದದ್ದು ನೈಟ್ರೊಬ್ಯಾಕ್ಟರ್. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ರೈಬೊಸೋಮಿನ ಆರ್‌ಎನ್‌ಎ ಹೋಲಿಸಿ ಜೀವಿಗಳ ನಂಟನ್ನು ಅಳೆಯುವ ದಾರಿ ತೋರಿಸಿದ ಮೇಲೆ, ಬೆಳೆಸಲಾಗದ ಜೀವಿಗಳನ್ನೂ ಗುರುತಿಸುವುದು ಸಾಧ್ಯವಾಯಿತು. ಆಗ ತಿಳಿದದ್ದು, ಇಂಥ ಘಟಕಗಳಲ್ಲಿ ಎರಡನೆಯ ಕೆಲಸದ ದೊಡ್ಡ ಪಾಲು ನೈಟ್ರೊಸ್ಪೈರಾ ಎಂಬ ಬೇರೆ ಕುಲದ್ದೆಂದು. 2015ರಲ್ಲಿ ಎರಡೂ ಹಂತಗಳನ್ನು ಒಬ್ಬಂಟಿಯಾಗಿ ಮುಗಿಸುವ ನೈಟ್ರೊಸ್ಪೈರಾಗಳೂ ಪತ್ತೆಯಾದವು.

ಕೆರೆ ಅಂಚಿನ ಹಸಿರು ಕೆನೆಯನ್ನು ಊರವರು ಪಾಚಿ ಎನ್ನುತ್ತಾರೆ. ಅದರಲ್ಲಿ ನಿಜವಾದ ಪಾಚಿ ಇರಬಹುದು, ಸಯನೊಬ್ಯಾಕ್ಟೀರಿಯಾವೂ ಇರಬಹುದು. ನೀಲಿ-ಹಸಿರು ಪಾಚಿ ಎಂದು ಸಸ್ಯಗಳ ಜೊತೆ ಓದಿಸಿದ್ದ ಈ ಗುಂಪು ಈಗ ಬ್ಯಾಕ್ಟೀರಿಯಾಗಳ ಸಾಲಿಗೆ ಬಂದಿದೆ. ಅದರಲ್ಲಿ ಮೈಕ್ರೊಸಿಸ್ಟಿಸ್‌ನ ಕೆಲವು ಬಗೆಗಳು ಯಕೃತ್ತಿಗೆ ಹಾನಿ ಮಾಡುವ ವಿಷ ಬಿಡುತ್ತವೆ, ಆ ವಿಷ ನೀರು ಕುದಿಸಿದರೂ ಹೋಗುವುದಿಲ್ಲ. ಹಾಗಾಗಿ ಕೆನೆಯ ಬಣ್ಣ ನೋಡಿ ತೀರ್ಮಾನಿಸಲಾಗದು. ಹನಿ ನೀರನ್ನು ಸೂಕ್ಷ್ಮದರ್ಶಕದಡಿ ಇಡಬೇಕು.

ಕೋಲಾರದ ಎಪಿಎಂಸಿಗೆ ಬಂದರೆ ಎತ್ತ ನೋಡಿದರೂ ಟೊಮೆಟೊ ಬಾಕ್ಸುಗಳು. ದೇಶದ ಅತಿ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಇದೂ ಒಂದು. ಹರಾಜು ಕೂಗುವ ಈ ಅಂಗಳದಲ್ಲಿ ಮಾಲೂರಿನ ಲೋಟದ ಪರೀಕ್ಷೆಯ ಬೆಲೆ ತಿಳಿಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಅರ್ಕಾ ರಕ್ಷಕ್ ತಳಿ ಎಲೆ ಮುದುಡು ರೋಗ, ದುಂಡಾಣು ಸೊರಗು, ಮುಂಚಿನ ಅಂಗಮಾರಿ, ಮೂರನ್ನೂ ತಡೆದುಕೊಳ್ಳುವಂತೆ ರೂಪುಗೊಂಡದ್ದು. ಇನ್ನೊಂದು ಉಪಾಯ ನಮ್ಮ ಹಿರಿಯರ ರಾಗಿ. ಟೊಮೆಟೊ, ಆಲೂಗಡ್ಡೆ, ಬದನೆ, ಮೆಣಸಿನಕಾಯಿ ಒಂದೇ ಕುಟುಂಬದವು, ಒಂದರ ಹಿಂದೆ ಒಂದು ಹಾಕಿದರೆ ರಾಲ್‌ಸ್ಟೋನಿಯಾಕ್ಕೆ ಊಟ ತಪ್ಪದು. ನಡುವೆ ರಾಗಿ ಬಿತ್ತಿದರೆ ಅದರ ಸಂಖ್ಯೆ ಇಳಿಯುತ್ತದೆ. ಗಿಡದ ಕುಲವನ್ನೂ ರೋಗಾಣುವಿನ ಕುಲವನ್ನೂ ಒಟ್ಟಿಗೆ ಬಲ್ಲವರಿಗೆ ಬೆಳೆ ಪರಿವರ್ತನೆಯ ಅರ್ಥ ಗೊತ್ತು.

ಮುಳಬಾಗಿಲು: ಹಿಟ್ಟಿನೊಳಗಿನ ಸಂತೆ

ಮುಳಬಾಗಿಲಿಗೆ ಬಂದು ದೋಸೆ ತಿನ್ನದೆ ಹೋಗುವವರು ಕಡಿಮೆ. ಅಂಚು ಗರಿಗರಿ, ನಡುವೆ ಮೆತ್ತಗಿರುವ ಈ ದೋಸೆಯ ಹಿಂದೆಯೂ ಬ್ಯಾಕ್ಟೀರಿಯಾಗಳ ದುಡಿಮೆಯಿದೆ. ದೋಸೆ ಹಿಟ್ಟಿನಂತೆಯೇ ಅಕ್ಕಿ, ಉದ್ದಿನಿಂದ ಹುದುಗುವ ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂದು ಎಸ್.ಕೆ. ಮುಖರ್ಜಿ ಮತ್ತು ಸಂಗಡಿಗರು 1965ರಲ್ಲಿ ತೋರಿಸಿದರು. ಹೊರಗಿನಿಂದ ಏನನ್ನೂ ಹಾಕಬೇಕಿಲ್ಲ, ಅದು ಉದ್ದಿನ ಜೊತೆಗೇ ಬರುತ್ತದೆ. ಅನಿಲ ಬಿಟ್ಟು ಹಿಟ್ಟು ಉಬ್ಬಿಸುತ್ತದೆ, ಆಮ್ಲ ಬಿಟ್ಟು ಹುಳಿ ತರುತ್ತದೆ. ಇದೇ ಜೀವಿ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸವನ್ನು ಲೋಳೆಯಾಗಿಸಿ ನಷ್ಟ ಮಾಡುತ್ತದೆ. ಕುಲ ನೋಡಿ ಒಳ್ಳೆಯದು ಕೆಟ್ಟದ್ದು ಎನ್ನುವಂತಿಲ್ಲ, ಎಲ್ಲಿ ಏನು ಮಾಡುತ್ತಿದೆ ಎಂದೂ ನೋಡಬೇಕು. ಹುಳಿಹಿಟ್ಟಿನ ಇನ್ನೊಂದು ಬಳಗವಾದ ಲ್ಯಾಕ್ಟೊಬ್ಯಾಸಿಲಸ್‌ನಲ್ಲಿ 260ಕ್ಕೂ ಹೆಚ್ಚು ಪ್ರಭೇದಗಳು ಸೇರಿಹೋಗಿದ್ದವು. 2020ರಲ್ಲಿ ವಿಜ್ಞಾನಿಗಳು ಇಡೀ ಜೀನೋಮುಗಳನ್ನು ಹೋಲಿಸಿ ಆ ಒಂದು ಕುಲವನ್ನು 25 ಕುಲಗಳಾಗಿ ಹಂಚಿದರು.

ಶ್ರೀನಿವಾಸಪುರ: ಮಾವು ಮತ್ತು ರೇಷ್ಮೆ

ಶ್ರೀನಿವಾಸಪುರದಲ್ಲಿ ಕಣ್ಣು ಹರಿದಷ್ಟು ದೂರ ಮಾವಿನ ತೋಪು. ಎಲೆ, ಕಾಯಿಗಳ ಮೇಲೆ ಕಪ್ಪು ಚುಕ್ಕೆ ಎಬ್ಬಿಸುವ ಬ್ಯಾಕ್ಟೀರಿಯಾವನ್ನು 1948ರಲ್ಲಿ ವಿವರಿಸಿದವರು ಎಂ.ಕೆ. ಪಟೇಲ್ ಮತ್ತು ಸಂಗಡಿಗರು. ಆಗ ಅದನ್ನು ಸ್ಯೂಡೊಮೊನಾಸ್ ಎಂದಿದ್ದರು. ಈಗ ಅದು ಕ್ಸಾಂಥೊಮೊನಾಸ್ ಸಿಟ್ರಿ ಪ್ರಭೇದದ ಒಂದು ಕವಲು. ನಿಂಬೆಯ ಕಜ್ಜಿ ರೋಗ, ಕರ್ನಾಟಕದ ದಾಳಿಂಬೆ ಬೆಳೆಗಾರರ ನಿದ್ದೆಗೆಡಿಸಿದ ದುಂಡಾಣು ಅಂಗಮಾರಿ, ಈ ಕಪ್ಪು ಚುಕ್ಕೆ, ಮೂರೂ ಒಂದೇ ಪ್ರಭೇದದ ಮಕ್ಕಳು. ಒಂದರ ಬಗ್ಗೆ ಕಲಿತದ್ದು ಇನ್ನೆರಡನ್ನು ಅರಿಯಲು ನೆರವಾಗುತ್ತದೆ.

ತೋಪುಗಳ ನಡುವೆ ಹಿಪ್ಪುನೇರಳೆ ಸಾಲು, ಹುಳು ಮನೆ, ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ. ರೇಷ್ಮೆ ಬೆಳೆಗಾರರು ರೋಗಗಳನ್ನು ಲಕ್ಷಣ ನೋಡಿಯೇ ವಿಂಗಡಿಸಿದ್ದಾರೆ: ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು, ಗಂಟು ರೋಗ. ಗಂಟು ರೋಗದ ಜೀವಿಗೆ 1857ರಲ್ಲಿ ನೊಸೆಮಾ ಎಂದು ಹೆಸರಿಟ್ಟ ಸ್ವಿಸ್ ವಿಜ್ಞಾನಿ ನೇಗೆಲಿ ಅದನ್ನು ಬ್ಯಾಕ್ಟೀರಿಯಾಗಳ ಗುಂಪಿಗೆ ಹಾಕಿದ್ದರು. ಇಂದು ಅದು ಶಿಲೀಂಧ್ರಗಳ ನೆಂಟ ಎಂದು ತಿಳಿದಿದೆ. ತಾಯಿಚಿಟ್ಟೆಯಿಂದ ಮೊಟ್ಟೆಗೆ ದಾಟುವ ಈ ರೋಗಕ್ಕೆ ಲೂಯಿ ಪಾಸ್ತರ್ 1860ರ ದಶಕದಲ್ಲಿ ಕಂಡುಕೊಂಡ ದಾರಿಯೇ ಇಂದಿಗೂ ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ನಡೆದಿದೆ. ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಬೀಜಕ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಹಾಕುವುದು.

ಬಿತ್ತನೆ ಕೋಠಿಯಲ್ಲಿ ಇರುವ ಈ ಶಿಸ್ತು ಕೆರೆಗಳಿಗೂ ಹೊಲಗಳಿಗೂ ಬರಬೇಕು ಎಂಬುದು ಈ ತಿರುಗಾಟ ನನ್ನಲ್ಲಿ ಗಟ್ಟಿಮಾಡಿದ ಮಾತು. ಕೋಲಾರದ ಟಮಕದಲ್ಲಿ ತೋಟಗಾರಿಕಾ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ತಾಲ್ಲೂಕು ಕೇಂದ್ರಗಳ ಪದವಿ ಕಾಲೇಜುಗಳಲ್ಲಿ ವಿಜ್ಞಾನ ಓದುವ ಮಕ್ಕಳಿದ್ದಾರೆ. ಬೆಂಗಳೂರಿನ ನೀರು ಬರುವ ಪ್ರತಿ ಕೆರೆಗೂ ಮಳೆಗಾಲದ ಮುಂಚೆ ಮತ್ತು ನಂತರ ಸೂಕ್ಷ್ಮಜೀವಿಗಳ ದಾಖಲೆ ಇಡಲಿ, ಪ್ರತ್ಯೇಕಿಸಿದ ತಳಿಗಳು ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹಾಲಯದಂಥ ಕಡೆ ಉಳಿಯಲಿ, ಫಲಿತಾಂಶ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರಲಿ. ನೀರಿನ ಬಗ್ಗೆ ಜಿಲ್ಲೆಯಲ್ಲಿ ಆಸೆ, ಆತಂಕ ಎರಡೂ ಬೇಕಾದಷ್ಟಿವೆ. ಅವುಗಳ ನಡುವೆ ಜನ ನಂಬಿ ನಡೆಯಬಹುದಾದ ತಿಳಿವಳಿಕೆಯನ್ನು, ಇಲ್ಲಿನ ಮಕ್ಕಳೇ ಇಲ್ಲಿನ ಕೆರೆಗಳಿಂದ ಕಲೆಹಾಕಿ ಕೊಡಬಲ್ಲರು.