ಕಿರಿಯರ ಫುಟ್‌ಬಾಲ್: ಪ್ರಮುಖ ರಕ್ಷಕನಿಲ್ಲದ ತಂಡದ ರಕ್ಷಣೆ

ಶಾಲೆ, ಬಡಾವಣೆ ಹಾಗೂ ಕ್ಲಬ್‌ಗಳ ಮಟ್ಟದ ಕಿರಿಯರ ಫುಟ್‌ಬಾಲ್ ತಂಡಗಳಲ್ಲಿ ಆಟಗಾರರ ಸಂಖ್ಯೆ ಸೀಮಿತವಾಗಿರುತ್ತದೆ. ಹದಿನಾರು ಹದಿನೇಳು ಮಂದಿಯ ತಂಡದಲ್ಲಿ ರಕ್ಷಣಾ ಪಂಕ್ತಿಯ ನಡುಭಾಗವನ್ನು ಸಮರ್ಥವಾಗಿ ನಿರ್ವಹಿಸಬಲ್ಲವರು ಒಬ್ಬರೋ ಇಬ್ಬರೋ ಇರುವುದೇ ಸಾಮಾನ್ಯ. ಅಂತಹ ಆಟಗಾರನು ಗಾಯಗೊಳ್ಳಬಹುದು, ಪಂದ್ಯಾವಳಿಯ ವಯೋಮಿತಿಯನ್ನು ದಾಟಬಹುದು, ಪರೀಕ್ಷೆಯ ನಿಮಿತ್ತ ಮೈದಾನದಿಂದ ದೂರವುಳಿಯಬಹುದು. ರೈಲ್ವೆ, ಬ್ಯಾಂಕು, ರಕ್ಷಣಾ ಇಲಾಖೆಗಳ ನೌಕರರು ಹೆಚ್ಚಾಗಿರುವ ಮಹಾನಗರಗಳ ವಸತಿ ಪ್ರದೇಶಗಳಲ್ಲಿ ತಂದೆಗೆ ಅಥವಾ ತಾಯಿಗೆ ವರ್ಗವಾಗಿ, ಮಗುವು ಪಂದ್ಯಾವಳಿಯ ನಡುವೆಯೇ ಊರು ಬಿಡುವುದೂ ಅಪರೂಪವೇನಲ್ಲ. ಕಾರಣ ಯಾವುದೇ ಇರಲಿ, ಉಳಿದ ಮಕ್ಕಳ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ಮುಂದಿನ ಪಂದ್ಯದಲ್ಲಿ ಗೋಲನ್ನು ಕಾಯುವ ಬಗೆ ಹೇಗೆ?

ಇಂತಹ ಸಂದರ್ಭದಲ್ಲಿ ತರಬೇತುದಾರರು ಮೊದಲು ಮಾಡುವ ಕೆಲಸವೆಂದರೆ ಹೋದವನಂತೆಯೇ ಎತ್ತರವಾಗಿರುವ ಅಥವಾ ಅವನಂತೆಯೇ ಬಲವಾಗಿ ಒದೆಯಬಲ್ಲ ಇನ್ನೊಬ್ಬನನ್ನು ಹುಡುಕುವುದು. ಈ ಹುಡುಕಾಟ ಸಹಜವಾದುದಾದರೂ ಬಹುಮಟ್ಟಿಗೆ ನಿಷ್ಫಲ. ಅಂತಹವನೊಬ್ಬನು ತಂಡದಲ್ಲಿದ್ದಿದ್ದರೆ ಈ ಮೊದಲೇ ಆಡುತ್ತಿದ್ದನಷ್ಟೆ. ಅದಕ್ಕಿಂತ ಉಪಯುಕ್ತವಾದ ಕ್ರಮವೆಂದರೆ, ಹೋದ ಆಟಗಾರನು ಯಾರು ಎಂಬುದನ್ನು ಬದಿಗಿರಿಸಿ, ಅವನು ಏನೇನು ಮಾಡುತ್ತಿದ್ದನು ಎಂಬುದನ್ನು ಬರೆದಿಡುವುದು. ನಮ್ಮ ಮೈದಾನಗಳಲ್ಲಿ ‘ಸ್ಟಾಪರ್’ ಎಂದು ಕರೆಯಲ್ಪಡುವ ನಡುವಿನ ರಕ್ಷಕನು ಎತ್ತರದ ಚೆಂಡನ್ನು ಹೆಡ್ ಮಾಡಿ ಹೊರಗಟ್ಟುವುದನ್ನು ಎಲ್ಲರೂ ಕಾಣುತ್ತಾರೆ. ಅವನು ಸೈಡ್ ಬ್ಯಾಕ್ ಮುಂದೆ ಹೋದಾಗ ತೆರವಾದ ಜಾಗಕ್ಕೆ ಸರಿಯುವುದು, ಎದುರಾಳಿಯ ಫಾರ್ವರ್ಡ್ ಹಿಂದೆ ಸುಳಿಯುತ್ತಿರುವುದನ್ನು ಜೊತೆಗಾರನಿಗೆ ಕೂಗಿ ಹೇಳುವುದು, ಇಡೀ ಪಂಕ್ತಿ ಮುಂದೆ ಸಾಗಬೇಕಾದ ಕ್ಷಣವನ್ನು ನಿರ್ಧರಿಸುವುದು, ಗೋಲ್‌ಕೀಪರ್‌ನಿಂದ ಚೆಂಡನ್ನು ಪಡೆದು ಗಾಬರಿಯಿಲ್ಲದೆ ಪಾಸ್ ಕೊಡುವುದು, ಇವು ಪ್ರೇಕ್ಷಕರಿಗಿರಲಿ, ಪಕ್ಕದಲ್ಲಿಯೇ ಆಡುವವರ ಗಮನಕ್ಕೂ ಬರುವುದಿಲ್ಲ. ಕೊರತೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಈ ಎರಡನೆಯ ಬಗೆಯ ಕೆಲಸಗಳಲ್ಲಿ.

ಇದಕ್ಕೆ ಬಹು ಪ್ರಸಿದ್ಧವಾದ ದೃಷ್ಟಾಂತವನ್ನು 2014ರ ವಿಶ್ವಕಪ್ ಪಂದ್ಯಾವಳಿಯು ಒದಗಿಸಿತು. ಆತಿಥೇಯ ಬ್ರೆಜಿಲ್ ತಂಡವು ಕೊಲಂಬಿಯಾವನ್ನು ಸೋಲಿಸಿ ಸೆಮಿಫೈನಲ್ ತಲುಪಿದಾಗ ಇಬ್ಬರನ್ನು ಕಳೆದುಕೊಂಡಿತು. ಫಾರ್ವರ್ಡ್ ಆಟಗಾರ ನೇಮಾರ್‌ಗೆ ಬೆನ್ನುಮೂಳೆಯ ಗಾಯವಾಯಿತು. ನಾಯಕನೂ ನಡುವಿನ ರಕ್ಷಕನೂ ಆಗಿದ್ದ ಥಿಯಾಗೊ ಸಿಲ್ವಾ ಎರಡನೆಯ ಹಳದಿ ಕಾರ್ಡ್‌ನಿಂದಾಗಿ ಮುಂದಿನ ಪಂದ್ಯಕ್ಕೆ ಅನರ್ಹನಾದನು. ದೇಶವೆಲ್ಲ ಮರುಗಿದ್ದು ನೇಮಾರ್‌ಗಾಗಿ. ಸೆಮಿಫೈನಲ್‌ನಲ್ಲಿ ರಾಷ್ಟ್ರಗೀತೆಯ ಸಮಯದಲ್ಲಿ ಸಹ ಆಟಗಾರರು ಅವನ ಅಂಗಿಯನ್ನು ಎತ್ತಿ ಹಿಡಿದು ನಿಂತರು. ಜುಲೈ 8ರಂದು ಬೆಲೊ ಹೊರಿಜಾಂಟೆಯಲ್ಲಿ ನಡೆದ ಆ ಪಂದ್ಯವನ್ನು ಜರ್ಮನಿ 7–1ರಿಂದ ಗೆದ್ದಿತು. ಮೊದಲನೆಯ ಗೋಲು ಕಾರ್ನರ್ ಕಿಕ್‌ನಿಂದ, ಗುರುತು ತಪ್ಪಿದ ಆಟಗಾರನಿಂದ ಬಂದಿತು. ಬಳಿಕ 23ರಿಂದ 29ನೆಯ ನಿಮಿಷದೊಳಗೆ ನಾಲ್ಕು ಗೋಲುಗಳಾದವು. ಸಿಲ್ವಾನ ಸ್ಥಾನಕ್ಕೆ ಬಂದ ದಾಂತೆ ಸಾಮಾನ್ಯ ಆಟಗಾರನೇನಲ್ಲ. ಜರ್ಮನಿಯ ಅಗ್ರ ಕ್ಲಬ್‌ನಲ್ಲಿ ಆಡುತ್ತಿದ್ದವನು. ಆದರೆ ಸಿಲ್ವಾ ಮಾಡುತ್ತಿದ್ದ ಹಿಡಿದಿಡುವ ಕೆಲಸವನ್ನು ಅಂದು ಯಾರೂ ವಹಿಸಿಕೊಂಡಂತೆ ಕಾಣಲಿಲ್ಲ. ಜೊತೆಯ ರಕ್ಷಕ ಡೇವಿಡ್ ಲೂಯಿಜ್ ಮತ್ತೆ ಮತ್ತೆ ತನ್ನ ಜಾಗ ಬಿಟ್ಟು ಮುಂದೆ ನುಗ್ಗಿದನು. ಸೋಲಿನ ಕಾರಣಗಳು ಹಲವಿರಬಹುದು. ರಕ್ಷಣೆಯ ಮಟ್ಟಿಗೆ ಹೇಳುವುದಾದರೆ, ಆ ಸಂಜೆ ಬ್ರೆಜಿಲ್‌ಗೆ ಹೆಚ್ಚು ಬೇಕಾಗಿದ್ದವನು ನೇಮಾರ್ ಅಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಸ್ಥಾನ ಬದಲಾವಣೆ ಎಷ್ಟು, ಹೇಗೆ

ಕೆಲಸಗಳ ಪಟ್ಟಿ ಕೈಯಲ್ಲಿದ್ದರೆ ಮುಂದಿನ ಹೆಜ್ಜೆ ಅವುಗಳ ಹಂಚಿಕೆ. ಕೂಗಿ ಹೇಳುವ ಹೊಣೆಯನ್ನು ಗೋಲ್‌ಕೀಪರ್‌ಗೆ ವಹಿಸಬಹುದು. ಇಡೀ ಮೈದಾನವನ್ನು ಎದುರಿನಿಂದ ಕಾಣುವವನು ಅವನೇ. ಎತ್ತರದ ಚೆಂಡಿನ ಹೊಣೆ ಉಳಿದಿರುವ ಸ್ಟಾಪರ್‌ಗೆ, ಅವನ ಹಿಂದೆ ಬೀಳುವ ಚೆಂಡಿನ ಹೊಣೆ ಹೊಸಬನಿಗೆ ಸೇರಬಹುದು. ಹೀಗೆ ಮಾಡಿದಾಗ ಹೊಸದಾಗಿ ಬಂದ ಹುಡುಗನು ಹಿಂದಿನವನಂತೆ ಆಡಬೇಕಾದ ಹೊರೆಯಿಂದ ಪಾರಾಗುತ್ತಾನೆ. ಅವನಿಗೆ ಒಂದೆರಡು ಕೆಲಸಗಳನ್ನು ಮಾತ್ರ ಸ್ಪಷ್ಟವಾಗಿ ಹೇಳಿದರೆ ಸಾಕು. ಹದಿಮೂರು ವರ್ಷದ ಬಾಲಕನಿಗೆ ‘ನೀನು ಅವನ ಜಾಗ ತುಂಬಬೇಕು’ ಎಂದು ಹೇಳಿ ಮೈದಾನಕ್ಕಿಳಿಸುವುದಕ್ಕಿಂತ ಕೆಟ್ಟ ಸಿದ್ಧತೆ ಬೇರೊಂದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸ್ಟಾಪರ್ ಸ್ಥಾನಕ್ಕೆ ಸೈಡ್ ಬ್ಯಾಕ್‌ನನ್ನು ಎಳೆದು, ಅವನ ಸ್ಥಾನಕ್ಕೆ ಹಾಫ್ ಆಟಗಾರನನ್ನು ಇಳಿಸಿ, ಹಾಫ್‌ನ ಸ್ಥಾನಕ್ಕೆ ಮತ್ತೊಬ್ಬನನ್ನು ತಂದರೆ ಒಂದು ಕೊರತೆ ಮೂರು ಕೊರತೆಗಳಾಗಿ ಹರಡುತ್ತದೆ. ಸಾಧ್ಯವಾದಷ್ಟು ಕಡಿಮೆ ಜನರನ್ನು ಕದಲಿಸುವುದು ಕಿರಿಯರ ತಂಡಗಳಲ್ಲಿ ಸುರಕ್ಷಿತ ಮಾರ್ಗ. ನಾಲ್ವರ ಬದಲು ಮೂವರನ್ನು ಹಿಂದೆ ನಿಲ್ಲಿಸುವ ಯೋಚನೆಯನ್ನೂ ಲೆಕ್ಕ ಹಾಕಿಯೇ ಮಾಡಬೇಕು. ಪೂರ್ಣ ಅಳತೆಯ ಮೈದಾನದಲ್ಲಿ ಪೆನಾಲ್ಟಿ ಏರಿಯಾದ ಅಗಲ ಸುಮಾರು 40 ಮೀಟರ್. ನಾಲ್ವರಾದರೆ ತಲಾ 10 ಮೀಟರ್ ಕಾಯಬೇಕು. ಮೂವರಾದರೆ 13 ಮೀಟರ್‌ಗೂ ಹೆಚ್ಚು. ಹಿರಿಯರಿಗೆ ಮೂರು ಮೀಟರ್ ಅಂತರ ಎರಡು ಹೆಜ್ಜೆಯ ಮಾತು. ಕಾಲುಗಳಿನ್ನೂ ಬೆಳೆಯುತ್ತಿರುವ ಮಕ್ಕಳಿಗೆ ಅದು ಗೋಲಿಗೂ ತಡೆಗೂ ನಡುವಿನ ವ್ಯತ್ಯಾಸ.

ಅನಿವಾರ್ಯವಾದಾಗ ಧೈರ್ಯದ ಬದಲಾವಣೆಯೂ ಫಲ ನೀಡಬಲ್ಲದೆಂಬುದಕ್ಕೆ ನಮ್ಮ ದೇಶದ ಕ್ರೀಡಾ ಇತಿಹಾಸದಲ್ಲಿಯೇ ಉದಾಹರಣೆಯಿದೆ. 1962ರಲ್ಲಿ ಜಕಾರ್ತಾದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತವು ಮೊದಲ ಪಂದ್ಯವನ್ನೇ ದಕ್ಷಿಣ ಕೊರಿಯಾಕ್ಕೆ 0–2ರಿಂದ ಸೋತಿತ್ತು. ಥಾಯ್ಲೆಂಡ್ ವಿರುದ್ಧ 4–1ರಿಂದ ಗೆದ್ದರೂ ರಕ್ಷಣೆಯ ಬೆನ್ನೆಲುಬಾಗಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ತಿಂದು ಹೊಲಿಗೆ ಹಾಕಿಸಿಕೊಳ್ಳಬೇಕಾಯಿತು. ಅವರಿಲ್ಲದೆಯೇ ತಂಡವು ಜಪಾನನ್ನು 2–0ರಿಂದ ಮಣಿಸಿತು. ತರಬೇತುದಾರ ಸೈಯದ್ ಅಬ್ದುಲ್ ರಹೀಂ ಅವರು ಹೈದರಾಬಾದಿನವರು, ವೃತ್ತಿಯಿಂದ ಶಾಲಾ ಶಿಕ್ಷಕರಾಗಿದ್ದವರು. ಸೆಮಿಫೈನಲ್‌ಗೆ ಅವರು ಜರ್ನೈಲ್ ಸಿಂಗ್ ಅವರನ್ನು ಮರಳಿ ತಂದರು. ಆದರೆ ಹಿಂದಕ್ಕಲ್ಲ, ಸೆಂಟರ್ ಫಾರ್ವರ್ಡ್ ಆಗಿ. ಹಿಂಭಾಗವನ್ನು ಅರುಣ್ ಘೋಷ್ ಮತ್ತು ಜೊತೆಗಾರರು ನೋಡಿಕೊಂಡರು. ದಕ್ಷಿಣ ವಿಯೆಟ್ನಾಂ ವಿರುದ್ಧ 3–2ರ ಗೆಲುವು ದೊರೆಯಿತು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಅದೇ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಭಾರತ ಚಿನ್ನದ ಪದಕ ಪಡೆಯಿತು. ಪಿ. ಕೆ. ಬ್ಯಾನರ್ಜಿ ಒಂದು ಗೋಲು ಹೊಡೆದರೆ, ಇನ್ನೊಂದನ್ನು ಹೊಡೆದವರು ರಕ್ಷಕರಾಗಿದ್ದ ಜರ್ನೈಲ್ ಸಿಂಗ್ ಅವರೇ. ಇದರಲ್ಲಿ ಗಮನಿಸಬೇಕಾದುದು ಚಮತ್ಕಾರವನ್ನಲ್ಲ. ರಕ್ಷಣೆಯ ಕೆಲಸವು ಅಷ್ಟರಲ್ಲಿ ಬೇರೆಯವರ ಕೈಯಲ್ಲಿ ನೆಲೆಗೊಂಡಿತ್ತು. ಪ್ರಮುಖ ಆಟಗಾರನು ಮರಳಿ ಬಂದನೆಂದು ರಹೀಂ ಅದನ್ನು ಪುನಃ ಕಲಕಲಿಲ್ಲ.

ಆದರೆ ಹೊಲಿಗೆ ಹಾಕಿದ ತಲೆಯಲ್ಲಿ ಆಡಿದ ಆ ಸಾಹಸವನ್ನು ಇಂದಿನ ಮಕ್ಕಳ ಮುಂದೆ ಮಾದರಿಯೆಂದು ಇಡಲಾಗದು. ಆ ವಿಷಯ ಮುಂದೆ ಬರುತ್ತದೆ.

ಪಂಕ್ತಿಯ ಆಳ

ಹೋದ ಆಟಗಾರನು ವೇಗಿಯಾಗಿದ್ದರೆ ರಕ್ಷಣಾ ಪಂಕ್ತಿಯು ಈವರೆಗೆ ನಿಲ್ಲುತ್ತಿದ್ದ ಜಾಗದಲ್ಲಿಯೇ ನಿಲ್ಲುವುದು ಅಪಾಯಕರ. ಪಂಕ್ತಿ ಮುಂದಿದ್ದಷ್ಟೂ ಅದರ ಹಿಂದೆ ಬಯಲು ಹೆಚ್ಚು; ಆ ಬಯಲಿಗೆ ಬಿದ್ದ ಚೆಂಡನ್ನು ಓಡಿ ಹಿಡಿಯಬಲ್ಲವನು ಇದ್ದುದರಿಂದಲೇ ತಂಡವು ಅಷ್ಟು ಮುಂದೆ ನಿಲ್ಲಲು ಸಾಧ್ಯವಾಗಿತ್ತು. ಆದುದರಿಂದ ಪಂಕ್ತಿಯನ್ನು ಎಂಟು ಹತ್ತು ಮೀಟರ್ ಹಿಂದಕ್ಕೆ ಸರಿಸುವುದು ಯುಕ್ತ. ಹಲವು ತಂಡಗಳು ಇಲ್ಲಿಗೆ ನಿಲ್ಲಿಸುತ್ತವೆ. ರಕ್ಷಕರು ಹಿಂದೆ ಸರಿದು ಹಾಫ್ ಆಟಗಾರರು ಮೊದಲಿನ ಜಾಗದಲ್ಲಿಯೇ ಉಳಿದರೆ ಎರಡು ಪಂಕ್ತಿಗಳ ನಡುವೆ ಎದುರಾಳಿಯು ಚೆಂಡನ್ನು ಪಡೆದು, ತಿರುಗಿ, ನೋಡಿ ಹೊಡೆಯುವಷ್ಟು ಜಾಗ ತೆರೆದುಕೊಳ್ಳುತ್ತದೆ. ಹಾಫ್‌ಗಳೂ, ಅವರೊಡನೆ ಫಾರ್ವರ್ಡ್‌ಗಳೂ ಅಷ್ಟೇ ಸರಿಯಬೇಕು. ಪಂಕ್ತಿ ಹಿಂದೆ ಸರಿದಾಗ ಆಫ್‌ಸೈಡ್ ಬಲೆಯನ್ನು ನೆಚ್ಚಿಕೊಳ್ಳುವುದನ್ನು ಕೆಲಕಾಲ ಬಿಡುವುದೂ ಒಳಿತು. ನಾಲ್ವರೂ ಏಕಕಾಲಕ್ಕೆ ಹೆಜ್ಜೆಯಿಡದೆ ಅದು ಕೆಲಸ ಮಾಡದು, ಹೊಸಬನ ಹೆಜ್ಜೆ ಒಂದು ಕ್ಷಣ ತಡವಾಗುವುದು ಖಂಡಿತ.

ಕೂಗಿನ ಬಗ್ಗೆ ಇನ್ನೊಂದು ಮಾತು. ಮುಂಬಯಿ, ಪುಣೆ ಅಥವಾ ಚೆನ್ನೈನ ತಂಡವೊಂದರಲ್ಲಿ ನಾಲ್ವರು ರಕ್ಷಕರ ಮನೆಮಾತು ನಾಲ್ಕಾಗಿರಬಹುದು. ಕನ್ನಡದ ಹುಡುಗರಿಬ್ಬರು ಅಕ್ಕಪಕ್ಕದಲ್ಲಿ ಆಡುತ್ತಿದ್ದಾಗ ತಮ್ಮ ಮಾತಿನಲ್ಲಿಯೇ ಎಚ್ಚರಿಸಿಕೊಳ್ಳುತ್ತಿದ್ದು, ಒಬ್ಬನು ಹೋದೊಡನೆ ಉಳಿದವನು ಮೂಕನಾಗುವ ಸಂಭವವುಂಟು. ‘ಔಟ್’, ‘ಮ್ಯಾನ್ ಆನ್’ ಮೊದಲಾದ ನಾಲ್ಕೈದು ಕಿರು ಸಂಕೇತಗಳನ್ನು ಇಡೀ ತಂಡಕ್ಕೆ ಒಂದೇ ಆಗಿ ನಿಗದಿಪಡಿಸಿ ಅಭ್ಯಾಸದಲ್ಲಿ ರೂಢಿ ಮಾಡಿಸಬೇಕು.

ಕಾರ್ನರ್ ಕಿಕ್‌ಗಳಲ್ಲಿ ಯಾರು ಯಾರನ್ನು ಕಾಯುವುದು, ಹತ್ತಿರದ ಗೋಲುಕಂಬದ ಬಳಿ ಯಾರು ನಿಲ್ಲುವುದು ಎಂಬುದನ್ನು ಹೊಸದಾಗಿ ನಿರ್ಧರಿಸುವುದು ಮರೆತೇಹೋಗುವ ಕೆಲಸ. ಪಂದ್ಯದ ಮುನ್ನಾದಿನ ಹತ್ತು ನಿಮಿಷ ಇದಕ್ಕೆ ಮೀಸಲಿಟ್ಟರೆ ಸಾಕಾಗುತ್ತದೆ. ಇನ್ನುಳಿದ ಅಭ್ಯಾಸವನ್ನು ಓಟ, ಒದೆತಗಳಲ್ಲಿ ಕಳೆಯದೆ, ಆರು ಮಂದಿ ದಾಳಿಗಾರರ ಎದುರು ಹೊಸ ನಾಲ್ವರನ್ನೂ ಗೋಲ್‌ಕೀಪರ್‌ನನ್ನೂ ನಿಲ್ಲಿಸಿ ಮತ್ತೆ ಮತ್ತೆ ಆಡಿಸುವುದು ಲೇಸು. ಮೊದಲು ನಡಿಗೆಯ ವೇಗದಲ್ಲಿ, ಬಳಿಕ ನಿಜವಾದ ವೇಗದಲ್ಲಿ. ತಪ್ಪಾದಾಗ ಆಟ ನಿಲ್ಲಿಸಿ ಪ್ರತಿಯೊಬ್ಬನೂ ಎಲ್ಲಿ ನಿಂತಿದ್ದಾನೆಂಬುದನ್ನು ಅವನಿಗೇ ತೋರಿಸಬೇಕು. ಕಿರಿಯರ ಹಲವು ಪಂದ್ಯಾವಳಿಗಳಲ್ಲಿ ಹೊರಗೆ ಬಂದ ಆಟಗಾರನು ಮತ್ತೆ ಒಳಗೆ ಹೋಗಲು ಅವಕಾಶವಿರುತ್ತದೆ. ಆಟದ ನಿಯಮಗಳು ಇದನ್ನು ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ, ಖಂಡದ ಒಕ್ಕೂಟ ಅಥವಾ ಫಿಫಾದ ಒಪ್ಪಿಗೆಗೆ ಒಳಪಡಿಸಿವೆ. ಅಂತಹ ಅವಕಾಶವಿದ್ದಲ್ಲಿ ಹೊಸ ರಕ್ಷಕನನ್ನು ಐದು ನಿಮಿಷ ಹೊರಗೆ ಕರೆದು, ನೀರು ಕೊಟ್ಟು, ಮೈದಾನವನ್ನು ಬದಿಯಿಂದ ನೋಡುವಂತೆ ಮಾಡಿ ಮರಳಿ ಕಳುಹಿಸಬಹುದು.

ಗಾಯಗೊಂಡವನ ಮರಳುವಿಕೆ

ರಕ್ಷಣೆ ತೂತಾದಂತೆಲ್ಲ ಗಾಯಗೊಂಡ ಹುಡುಗನನ್ನು ಬೇಗನೆ ಮರಳಿ ತರುವ ಒತ್ತಡ ಬೆಳೆಯುತ್ತದೆ. ತಂಡದಿಂದ, ಕೆಲವೊಮ್ಮೆ ಪಾಲಕರಿಂದ, ಬಹಳಷ್ಟು ಸಲ ಆ ಹುಡುಗನಿಂದಲೇ. ಇದಕ್ಕೆ ಮಣಿಯುವುದು ಸರಿಯಲ್ಲ. ಸುಮಾರು 10ರಿಂದ 15 ವರ್ಷದ ನಡುವೆ, ಮೈ ಬೇಗನೆ ಬೆಳೆಯುವ ಅವಧಿಯಲ್ಲಿ, ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಅಥವಾ ಹಿಮ್ಮಡಿಯಲ್ಲಿ ನೋವು ಕಾಣಿಸಿಕೊಳ್ಳುವುದು ಆಟವಾಡುವ ಮಕ್ಕಳಲ್ಲಿ ಸಾಮಾನ್ಯ. ತಂಡದಲ್ಲಿ ಥಟ್ಟನೆ ಎತ್ತರ ಬೆಳೆದವನನ್ನೇ ಸ್ಟಾಪರ್ ಮಾಡುವ ವಾಡಿಕೆಯಿರುವುದರಿಂದ ಈ ನೋವು ಅವನನ್ನೇ ಹುಡುಕಿಕೊಂಡು ಬರುವುದರಲ್ಲಿ ಆಶ್ಚರ್ಯವಿಲ್ಲ. ಇದು ಆಟದ ಪ್ರಮಾಣವನ್ನು ತಗ್ಗಿಸಿದರೆ ಬಹುತೇಕ ಶಮನವಾಗುವಂತಹುದು. ನೋವನ್ನು ನುಂಗಿ ಆಡಿದರೆ ತಿಂಗಳುಗಟ್ಟಲೆ ಉಳಿಯಬಹುದು. ಮೊಣಕಾಲಿನ ಒಳಗಿನ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾಗಿದ್ದರೆ ಮರಳುವ ಅವಧಿ ಸಾಮಾನ್ಯವಾಗಿ ಒಂಬತ್ತು ತಿಂಗಳು ಅಥವಾ ಅದಕ್ಕೂ ಹೆಚ್ಚು. ಆ ಋತುವಿನ ತಂಡದ ಯೋಜನೆಯಲ್ಲಿ ಅವನ ಹೆಸರನ್ನು ಸೇರಿಸಲೇಬಾರದು.

ತಲೆಗೆ ಪೆಟ್ಟಾಗಿ ಮಂಕು ಕವಿದಂತಾದರೆ, ತಲೆಸುತ್ತು, ವಾಂತಿ, ನೆನಪಿನ ಗೊಂದಲ ಕಂಡುಬಂದರೆ ಅಥವಾ ಅಂತಹ ಅನುಮಾನ ಬಂದರೂ ಸಾಕು, ಮಗುವನ್ನು ಕೂಡಲೇ ಮೈದಾನದಿಂದ ಹೊರತರಬೇಕು. ಆ ದಿನ ಮತ್ತೆ ಆಡಿಸಬಾರದು. ವೈದ್ಯರ ಅನುಮತಿಯಿಲ್ಲದೆ ಮುಂದಿನ ದಿನಗಳಲ್ಲಿಯೂ ಆಡಿಸಬಾರದು. 1962ರಲ್ಲಿ ಈ ತಿಳಿವಳಿಕೆ ಇರಲಿಲ್ಲ.

ಮೈದಾನಕ್ಕೆ ಬರಲು ಸಾಧ್ಯವಿರುವ ಗಾಯಾಳುವಿಗೆ ಬದಿಯಲ್ಲಿ ಕೆಲಸ ಕೊಡಬಹುದು. ಪಂಕ್ತಿಯ ಅಂತರ ಎಲ್ಲಿ ತಪ್ಪುತ್ತಿದೆ, ಯಾರ ಹಿಂದೆ ಜಾಗ ತೆರೆಯುತ್ತಿದೆ ಎಂಬುದನ್ನು ಅವನಷ್ಟು ಬೇಗ ಗುರುತಿಸುವವರು ಕಡಿಮೆ. ವಿರಾಮದಲ್ಲಿ ತನ್ನ ಸ್ಥಾನಕ್ಕೆ ಬಂದ ಗೆಳೆಯನಿಗೆ ಅವನು ಹೇಳುವ ಒಂದೆರಡು ಮಾತುಗಳು ತರಬೇತುದಾರರ ಉಪದೇಶಕ್ಕಿಂತ ಬೇಗ ನಾಟುತ್ತವೆ. ಗುಣಮುಖನಾಗಿ ಮರಳಿದಾಗಲೂ ಮೊದಲ ಪಂದ್ಯಗಳಲ್ಲಿ ಅವನನ್ನು ಅರ್ಧ ಅವಧಿಗೆ ಮಾತ್ರ ಆಡಿಸಿ, ಅಷ್ಟರಲ್ಲಿ ಕೆಲಸ ಕಲಿತಿರುವ ಹೊಸ ರಕ್ಷಕನನ್ನು ಉಳಿದರ್ಧಕ್ಕೆ ಆಡಿಸುವುದು ಇಬ್ಬರಿಗೂ ಹಿತ.