ಮಸಿಗೊಂದು ಲೆಕ್ಕ ಬೇಡವೇ?

ನಮ್ಮ ವಾಚನಾಲಯದ ಮೇಜನ್ನು ಬೆಳಿಗ್ಗೆ ಒರೆಸಿದರೆ, ಸಂಜೆಯ ಹೊತ್ತಿಗೆ ಪತ್ರಿಕೆಗಳ ಮೇಲೆ ಕರಿಯ ಪುಡಿ ಕೂತಿರುತ್ತದೆ. ಗಿರಣಿಯಲ್ಲಿ ಲೆಕ್ಕ ಬರೆಯುವ ನಮಗೆ ಇದು ಹೊಸದಲ್ಲ. ಬಾಯ್ಲರಿನ ಕಡೆಯಿಂದ ಗಾಳಿ ಬೀಸಿದ ದಿನ ಖಾತೆಪುಸ್ತಕದ ಮೇಲೆ ಕೈಯಾಡಿಸಿದರೆ ಅಂಗೈ ಕಪ್ಪಾಗುತ್ತದೆ. ಊರಿನ ಅಡಿಗೆಮನೆಯ ಜಂತೆಯಲ್ಲಿ ತೂಗುವ ಇಲ್ಲಣವೂ ಇದೇ ಮಸಿಯೇ. ಇದನ್ನು ಅಭ್ಯಸಿಸುವ ಬಗ್ಗೆ ಕಾಯಿದೆ ಏನನ್ನುತ್ತದೆ ಎಂಬುದನ್ನು ವಾಚಕ ಮಿತ್ರರಿಗೆ ತಿಳಿಸಬಯಸುತ್ತೇವೆ.

ಕಲ್ಲಿದ್ದಲು, ಡೀಸೆಲ್, ಸೌದೆ, ಟೈರು ಮುಂತಾದುವು ಪೂರ್ತಿ ಉರಿಯದೆ ಹೊಗೆಯಾದಾಗ ಮಸಿ ಹುಟ್ಟುತ್ತದೆ. ಕಣ್ಣಿಗೆ ಕಾಣುವ ಪುಡಿಗಿಂತ ಕಾಣದಿರುವ ಕಣವೇ ಹೆಚ್ಚು ಕೇಡಿನದು. ಅದು ಶ್ವಾಸಕೋಶದ ಆಳಕ್ಕಿಳಿದು ಹೃದಯಕ್ಕೂ ತೊಂದರೆ ಕೊಡುತ್ತದೆ. ಕಪ್ಪಾದ್ದರಿಂದ ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸುತ್ತದೆ. ಹಿಮಾಲಯದ ಹಿಮದ ಮೇಲೆ ಬಿದ್ದರೆ ಹಿಮ ಬೇಗ ಕರಗುತ್ತದೆ. ಮದುರೆಯಲ್ಲಿ ಹುಟ್ಟಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವಿ. ರಾಮನಾಥನ್ ಅವರೂ ಸಂಗಡಿಗರೂ 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ಹಬ್ಬಿದ ಇಂಥ ಹೊಗೆಮುಸುಕನ್ನು ಪರೀಕ್ಷಿಸಿದರು. ಒಂದು ಸಮಾಧಾನವುಂಟು: ಇಂಗಾಲಾಮ್ಲ ನೂರಾರು ವರ್ಷ ಗಾಳಿಯಲ್ಲಿ ಉಳಿದರೆ, ಮಸಿ ಕೆಲವು ದಿನ ಇಲ್ಲವೇ ವಾರಗಳಲ್ಲಿ ಕೆಳಗಿಳಿಯುತ್ತದೆ. ಇಂದು ತಡೆದರೆ ಫಲ ಬೇಗನೆ ಸಿಗುತ್ತದೆ.

ಇನ್ನು ಕಾಯಿದೆಯ ಮಾತು. 1972ರ ಸ್ಟಾಕ್‌ಹೋಮ್ ಸಮ್ಮೇಳನದ ತೀರ್ಮಾನಗಳನ್ನು ಅನುಸರಿಸಿ ನಮ್ಮ ಸಂಸತ್ತು 1981ರಲ್ಲಿ ವಾಯುಮಾಲಿನ್ಯ ತಡೆ ಕಾಯಿದೆಯನ್ನು ಮಾಡಿತು. ಸಂಶೋಧನೆ ನಡೆಸುವುದೂ ಅಂಕಿ ಅಂಶಗಳನ್ನು ಪ್ರಕಟಿಸುವುದೂ ಇದರ ಮೇರೆಗೆ ಕೇಂದ್ರ ಮಂಡಲಿಯ ಕೆಲಸ. ರಾಜ್ಯ ಮಂಡಲಿಯ ಅಧಿಕಾರಿಗಳು ಕಾರ್ಖಾನೆಯೊಳಗೆ ಹೋಗಿ ಹೊಗೆಯ ಮಾದರಿಯನ್ನು ತೆಗೆಯಬಹುದು. ತಮಿಳುನಾಡಿನ ಮಂಡಲಿ 1982ರಲ್ಲಿ ಸ್ಥಾಪನೆಯಾಯಿತು.

ಆದರೆ ಲೆಕ್ಕದಲ್ಲೊಂದು ಕೊರತೆಯಿದೆ. 2009ರಲ್ಲಿ ಹೊರಡಿಸಿದ ಗಾಳಿಯ ಮಟ್ಟದ ಪಟ್ಟಿಯಲ್ಲಿ 12 ವಸ್ತುಗಳಿದ್ದುವು. ಮಸಿಯ ಹೆಸರು ಅದರಲ್ಲಿರಲಿಲ್ಲ. ಅದನ್ನು ಧೂಳಿನೊಡನೆ ಸೇರಿಸಿ ತೂಗಿದರು. ಗುಮಾಸ್ತರಿಗೆ ಇದರ ಅರ್ಥ ಹೇಳಬೇಕಾಗಿಲ್ಲ: ‘ಇತರೆ’ ಎಂಬ ಬಾಬಿನಲ್ಲಿ ಸೇರಿದ ಖರ್ಚಿಗೆ ಯಾರೂ ಜವಾಬು ಕೊಡುವುದಿಲ್ಲ. ಅದೇ 2009ರಲ್ಲಿ ಅಮೆರಿಕದ ಕಾಂಗ್ರೆಸ್ಸು ಆಯವ್ಯಯದ ಕಾಯಿದೆಯೊಂದರ ಮೂಲಕ, ಮಸಿಯೊಂದನ್ನೇ ಅಭ್ಯಸಿಸಿ ವರದಿ ಒಪ್ಪಿಸಬೇಕೆಂದು ತನ್ನ ಪರಿಸರ ಇಲಾಖೆಗೆ ವಿಧಿಸಿತು. 2012ರಲ್ಲಿ ವರದಿ ಬಂದಿತು. ಆ ದೇಶದ ಮಸಿಯಲ್ಲಿ ಸುಮಾರು ಅರ್ಧ ಭಾಗ ವಾಹನ ಮೊದಲಾದ ಸಂಚಾರದ ಎಂಜಿನ್ನುಗಳಿಂದ, ಅದರಲ್ಲೂ ಬಹುಪಾಲು ಡೀಸೆಲಿನಿಂದ ಎಂದು ಗೊತ್ತಾಯಿತು. ನಮ್ಮ ಕೇಂದ್ರ ಪರಿಸರ ಸಚಿವಾಲಯವೂ 2011ರಲ್ಲಿ ಮಸಿಯ ಸಂಶೋಧನೆಗೆ ಒಂದು ಯೋಜನೆ ಪ್ರಕಟಿಸಿತು. ಯೋಜನೆ ಒಳ್ಳೆಯದೇ; ಆದರೆ ಯಾರು ಅಳೆಯಬೇಕು, ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂದು ಕಾಯಿದೆಯೇ ಹೇಳಿದರೆ ಕೆಲಸ ಗಟ್ಟಿಯಾಗುತ್ತದೆ.

ಅಲ್ಲಿಯವರೆಗೆ ನಮ್ಮ ಕೈಲಾದುದೂ ಇದೆ. ನಮ್ಮ ಎಳ್ಳುಬೆಲ್ಲದ ಹಬ್ಬಕ್ಕೆ ಮುಂಚಿನ ದಿನ ಇಲ್ಲಿ ಭೋಗಿ. 2018ರ ಜನವರಿ 13ರ ಭೋಗಿಯಂದು ಮಂಜೂ ಹೊಗೆಯೂ ಸೇರಿ, ಚೆನ್ನೈಗೆ ಬರಬೇಕಾದ ಅನೇಕ ವಿಮಾನಗಳು ಬೇರೆ ಊರುಗಳಿಗೆ ತಿರುಗಬೇಕಾಯಿತು. ಅಂದು ಟೈರು, ಪ್ಲಾಸ್ಟಿಕ್ಕುಗಳನ್ನು ಸುಡದಿರೋಣ; ನಮ್ಮ ಓಣಿಯ ಮಕ್ಕಳಿಗೂ ಹೇಳೋಣ. ಮನೆಯ ಬಳಿ ಯಾವುದಾದರೂ ಕೊಳವೆ ಕರಿಹೊಗೆ ಉಗುಳುತ್ತಿದ್ದರೆ ದಿನ, ಹೊತ್ತು, ಗಾಳಿಯ ದಿಕ್ಕು ಇವನ್ನು ಒಂದು ವಾರ ಬರೆದಿಟ್ಟು, ಗಿಂಡಿಯಲ್ಲಿರುವ ಮಂಡಲಿಯ ಕಛೇರಿಗೆ ಅರ್ಜಿ ಕೊಡಬಹುದು. ತಮಿಳು, ಇಂಗ್ಲಿಷು ಬರೆಯಲು ಬಾರದವರು ಸಂಕೋಚಪಡಬೇಕಾಗಿಲ್ಲ. ಸಂಜೆ ವಾಚನಾಲಯಕ್ಕೆ ಬಂದರೆ ಅರ್ಜಿಯನ್ನು ನಾವೇ ಬರೆದುಕೊಡುತ್ತೇವೆ.